ದುರಸ್ತಿಯ ಧರ್ಮ

ಹಳೆಯ ವಸ್ತುವೊಂದನ್ನು ಸರಿಪಡಿಸಲು ಕೈಗೆತ್ತಿಕೊಂಡವನಿಗೆ ಅದರಲ್ಲಿ ಎಷ್ಟನ್ನು ಬದಲಾಯಿಸುವ ಅಧಿಕಾರವಿದೆ? ಕೆಟ್ಟುದನ್ನು ಮಾತ್ರ ಸರಿಪಡಿಸಿ ಸುಮ್ಮನಾಗಬೇಕೆ? ಚೆನ್ನಾಗಿರುವುದನ್ನು ಇನ್ನೂ ಚೆನ್ನಾಗಿಸಬಹುದೆ? ಹಾಗೆ ಬದಲಾಯಿಸುತ್ತ ಹೋದರೆ ಕೊನೆಗೆ ಉಳಿಯುವುದು ಅದೇ ವಸ್ತುವೆ, ಇಲ್ಲವೆ ಅದರ ಹೆಸರು ಹೊತ್ತ ಮತ್ತೊಂದೆ? ಮನೆ, ದೇಗುಲ, ಗ್ರಂಥ, ಆಚಾರ ಇವುಗಳ ವಿಷಯದಲ್ಲಿ ಬಲ್ಲವರು ಈ ಪ್ರಶ್ನೆಯನ್ನು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ನಾವು ಅದನ್ನು ಎದುರಿಸಿದ್ದು ತೀರ ಸಣ್ಣದೊಂದು ವಸ್ತುವಿನ ಮೂಲಕ. ಅದು ಹಳೆಯ ರೇಡಿಯೊದೊಳಗಿನ ಸ್ಪೀಕರು.

ನಾವೆಂದರೆ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಗುಮಾಸ್ತರಾಗಿರುವ ಮೂವರು. ಮುಂಬಯಿಯ ಆಂಟಾಪ್ ಹಿಲ್ಲಿನ ಕ್ವಾರ್ಟರ್ಸಿನಲ್ಲಿ ನೆರೆಹೊರೆಯವರು. ಕಾಲೇಜಿನಲ್ಲಿ ಓದಿದ ಭೌತಶಾಸ್ತ್ರಕ್ಕೆ ಕಚೇರಿಯ ಕಡತಗಳಲ್ಲಿ ಕೆಲಸವಿಲ್ಲವಾದುದರಿಂದ ಭಾನುವಾರಗಳಂದು ನಾವೇ ಅದಕ್ಕೊಂದಿಷ್ಟು ಕೆಲಸ ಕೊಡುತ್ತೇವೆ. ಚೋರ್ ಬಜಾರಿನಲ್ಲಿ ಸಿಕ್ಕ, ಇಲ್ಲವೆ ಪರಿಚಿತರ ಮನೆಯ ಅಟ್ಟದಿಂದ ಇಳಿದು ಬಂದ ಹಳೆಯ ಫುಲ್‌ರೇಂಜ್ ಸ್ಪೀಕರುಗಳನ್ನು ಬಿಚ್ಚುವುದು, ಬೇಕಾದ ಸಾಮಾನನ್ನು ಲ್ಯಾಮಿಂಗ್ಟನ್ ರಸ್ತೆಯಿಂದ ತರುವುದು, ಹರಿದುದನ್ನು ಅಂಟಿಸಿ, ಸುಟ್ಟ ಸುರುಳಿಯನ್ನು ಮತ್ತೆ ಸುತ್ತಿ ದನಿ ಬರಿಸುವುದು, ಇದು ನಮ್ಮ ಹವ್ಯಾಸ. ಕೆಲಸವೇನೋ ಕೈಯದು. ಆದರೆ ಪ್ರತಿ ಸಲವೂ ನಡುವೆ ಎಲ್ಲಿಂದಲೋ ಧರ್ಮದ ಪ್ರಶ್ನೆಯೊಂದು ಬಂದು ಪಕ್ಕದಲ್ಲಿ ಕೂಡುತ್ತದೆ. ಅದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೊದಲು ವಸ್ತುವಿನ ಪರಿಚಯವಾಗಲಿ. ಈಗಿನ ಸ್ಪೀಕರು ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಮಂದ್ರ ಸ್ವರಗಳಿಗೊಂದು, ತಾರ ಸ್ವರಗಳಿಗೊಂದು, ಹೀಗೆ ಎರಡು ಮೂರು ಸ್ಪೀಕರುಗಳು ಕೆಲಸ ಹಂಚಿಕೊಂಡಿರುತ್ತವೆ. ಫುಲ್‌ರೇಂಜ್ ಎಂಬುದರಲ್ಲಿ ಹಾಗಲ್ಲ; ತಬಲಾದ ಡಗ್ಗದಿಂದ ಹಿಡಿದು ತಾಳದ ಕಿಣಿಕಿಣಿಯವರೆಗೆ ಒಂದೇ ಕಾಗದ ನುಡಿಯಬೇಕು. ಅದರ ರಚನೆ ಬಲು ಸರಳ. ಬುಟ್ಟಿಯಾಕಾರದ ಲೋಹದ ಚೌಕಟ್ಟು. ಅದರ ಬೆನ್ನಿಗೆ ಅಯಸ್ಕಾಂತ. ಅಯಸ್ಕಾಂತದ ತುದಿಯಲ್ಲಿ ಒಂದು ಮಿಲಿಮೀಟರಿನ ಆಸುಪಾಸಿನ, ಉಂಗುರದಂಥ ಸಂದು. ಆ ಸಂದಿನಲ್ಲಿ ಎಲ್ಲಿಯೂ ತಾಗದಂತೆ ತೂಗುವ ತಂತಿಯ ಸುರುಳಿಯೇ ವಾಯ್ಸ್ ಕಾಯಿಲು. ಅದಕ್ಕೆ ಅಂಟಿಕೊಂಡ ಕಾಗದದ ಶಂಕುವನ್ನು ಕಸುಬಿನವರು ಕೋನು ಎನ್ನುತ್ತಾರೆ. ಸುರುಳಿಯನ್ನು ನಟ್ಟನಡುವೆ ಹಿಡಿದಿಡಲು ನೆರಿಗೆ ಬಟ್ಟೆಯ ಒಂದು ಬಿಲ್ಲೆ, ಅದು ಸ್ಪೈಡರು. ಸುರುಳಿಯಲ್ಲಿ ಹಾಡಿನ ವಿದ್ಯುತ್ತು ಹರಿದಂತೆ ಅದು ಹಿಂದೆ ಮುಂದೆ ಅಲುಗುತ್ತದೆ, ಜೊತೆಗೆ ಕಾಗದವೂ, ಕಾಗದದ ಜೊತೆಗೆ ಕೋಣೆಯ ಗಾಳಿಯೂ ಅಲುಗುತ್ತದೆ. ಅಷ್ಟೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಇದರ ತತ್ತ್ವವನ್ನು ವಿವರಿಸಿ 1925ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ನೂರು ವರ್ಷ ಕಳೆದ ಮೇಲೂ ಜಗತ್ತಿನ ಬಹುಪಾಲು ಸ್ಪೀಕರುಗಳು ಅದೇ ದಾರಿಯಲ್ಲಿ ನಡೆದಿವೆ.

ಆರಂಭದಲ್ಲಿ ಬಲವಾದ ಶಾಶ್ವತ ಅಯಸ್ಕಾಂತಗಳು ದುರ್ಲಭವಾಗಿದ್ದುವು. ಆದುದರಿಂದ 1930ರ ದಶಕದ ಅನೇಕ ರೇಡಿಯೊಗಳಲ್ಲಿ ವಿದ್ಯುದಯಸ್ಕಾಂತದ ಸ್ಪೀಕರುಗಳೇ ಇದ್ದುವು. ಆ ಅಯಸ್ಕಾಂತದ ಸುರುಳಿ ರೇಡಿಯೊದ ವಿದ್ಯುತ್ ಪೂರೈಕೆಯಲ್ಲಿನ ಗುಂಯ್‌ಗಾಟವನ್ನು ಸೋಸುವ ಕೆಲಸವನ್ನೂ ಮಾಡುತ್ತಿತ್ತು. ಮುಂದೆ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಮತ್ತು ಕಬ್ಬಿಣದ ಮಿಶ್ರಲೋಹವಾದ ಅಲ್ನಿಕೊ ಬಂದಿತು. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ 755ಎ, ಇಂಗ್ಲೆಂಡಿನ ಗುಡ್‌ಮನ್ಸ್ ಆಕ್ಸಿಯಮ್ 80, ಹಾಲೆಂಡಿನ ಫಿಲಿಪ್ಸ್ 9710 ಮೊದಲಾದ ಹೆಸರಾಂತ ಫುಲ್‌ರೇಂಜುಗಳೆಲ್ಲ ಅದರ ಕಾಲದವು. ದೊಡ್ಡ ಕೋನಿನೊಳಗೆ ತಾರ ಸ್ವರಗಳಿಗಾಗಿ ಸಣ್ಣದೊಂದು ಕೋನನ್ನು ಕೂಡಿಸುವ ಉಪಾಯವನ್ನು ಇಂಗ್ಲೆಂಡಿನ ಪಾಲ್ ವಾಯ್ಟ್ 1930ರ ದಶಕದಲ್ಲಿಯೇ ಬಳಕೆಗೆ ತಂದಿದ್ದ. 1978ರಲ್ಲಿ ಆಫ್ರಿಕದ ಜಾಯಿರ್ ದೇಶದ ಶಾಬಾ ಪ್ರಾಂತದಲ್ಲಿ ಯುದ್ಧವಾಗಿ ಕೋಬಾಲ್ಟಿನ ಬೆಲೆ ವಿಪರೀತ ಏರಿದಾಗ ಅನೇಕ ತಯಾರಕರು ಅಲ್ನಿಕೊ ಬಿಟ್ಟು ಅಗ್ಗದ ಫೆರೈಟಿಗೆ ತಿರುಗಿದರು. ಎಲ್ಲಿಯದೋ ಗಣಿಯ ಯುದ್ಧ ಯಾರದೋ ಮನೆಯ ಹಾಡಿನ ಪೆಟ್ಟಿಗೆಯ ಒಡಲನ್ನು ಬದಲಿಸಿತು. ಈ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ತಯಾರಕನ ಸಂಕಲ್ಪವೆಂಬುದನ್ನು ವಿಚಾರಿಸುವಾಗ ಇದು ಉಪಯೋಗಕ್ಕೆ ಬರುತ್ತದೆ.

ಲೋಹಕ್ಕೆ ಅಷ್ಟಾಗಿ ಮುಪ್ಪಿಲ್ಲ. ಕಾಗದಕ್ಕೆ ಇದೆ. ಮುಂಬಯಿಯ ಮಳೆಗಾಲದಲ್ಲಿ ಕೋನು ತೇವ ಕುಡಿಯುತ್ತದೆ, ಬೇಸಗೆಯಲ್ಲಿ ಪೆಡಸಾಗುತ್ತದೆ. ಜಿರಳೆಗಳಿಗಂತೂ ಅದರ ಅಂಟು ಬಲು ರುಚಿ. ಅಂಚಿನ ನೆರಿಗೆ ಬಿರುಸಾಯಿತೆಂದರೆ ಕೋನಿನ ಸ್ವಾಭಾವಿಕ ಕಂಪನದ ಸಂಖ್ಯೆ ಏರಿ ಮಂದ್ರ ಸ್ವರಗಳು ಕುಗ್ಗುತ್ತವೆ. ಸಂದಿನೊಳಗೆ ಕಬ್ಬಿಣದ ಪುಡಿ ಸೇರಿದರೆ ಕರಕರ ಸದ್ದು. ಅಳತೆ ಮೀರಿ ವಿದ್ಯುತ್ತು ಹರಿದರೆ ಸುರುಳಿಯೇ ಸುಟ್ಟುಹೋಗುತ್ತದೆ. ಇವುಗಳಿಗೆಲ್ಲ ಮನೆಯಲ್ಲಿಯೇ ಮಾಡಬಹುದಾದ ಚಿಕಿತ್ಸೆಗಳಿವೆ. ಸಂದಿನ ಪುಡಿಯನ್ನು ಅಂಟುಪಟ್ಟಿಯ ಅಂಚಿನಿಂದ ಒತ್ತಿ ಒತ್ತಿ ತೆಗೆಯಬೇಕು. ಹೊಸ ಸುರುಳಿಯನ್ನು ಕೂಡಿಸುವಾಗ ಅದರೊಳಗೆ ಹಳೆಯ ಎಕ್ಸ್‌ರೇ ಫಿಲ್ಮಿನ ಪಟ್ಟಿಗಳನ್ನು ಸಿಕ್ಕಿಸಿ ನಟ್ಟನಡುವೆ ನಿಲ್ಲಿಸಿ, ಅಂಟು ಒಣಗಿದ ಮೇಲೆ ಪಟ್ಟಿಗಳನ್ನು ಎಳೆದುಬಿಡಬೇಕು. ತೂತುಬಿದ್ದ ಕಾಗದಕ್ಕೆ ತೆಳುವಾದ ಕಾಗದದ ತೇಪೆ. ತೇಪೆಗೂ ಮೀರಿದ್ದಾದರೆ ಹೊಸ ಕೋನು.

ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಕಂಪನಿಯ ಹೆಸರು, ನಂಬರು, ಮುದ್ರೆ ಎಲ್ಲ ಚೌಕಟ್ಟಿನ ಮೇಲೋ ಅಯಸ್ಕಾಂತದ ಮುಚ್ಚಳದ ಮೇಲೋ ಇರುತ್ತವೆ. ದನಿ ಇರುವುದು ಕಾಗದದಲ್ಲಿ. ಕೋನನ್ನೂ ಸುರುಳಿಯನ್ನೂ ಬದಲಾಯಿಸಿದ ಸ್ಪೀಕರಿನಲ್ಲಿ ಹೆಸರು ಹಳೆಯದು, ದನಿ ಹೊಸದು. ಹಾಗಿದ್ದರೆ ಅದನ್ನು ಯಾವುದೆಂದು ಕರೆಯಬೇಕು?

ಇಂಥ ಪ್ರಶ್ನೆ ಹಿಂದಿನವರಿಗೂ ಬಂದಿತ್ತು. ಅಥೆನ್ಸಿನವರು ಥೀಸಿಯಸ್ ವೀರನ ಹಡಗನ್ನು ಕಾಪಾಡಲು ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸುತ್ತ ಬಂದರೆಂದೂ, ಅದು ಅದೇ ಹಡಗು ಹೌದೋ ಅಲ್ಲವೋ ಎಂದು ತತ್ತ್ವಜ್ಞಾನಿಗಳು ವಾದಿಸುತ್ತಿದ್ದರೆಂದೂ ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮಲ್ಲಿ ಭಿಕ್ಷು ನಾಗಸೇನ ರಾಜ ಮಿಲಿಂದನನ್ನು ಕೇಳಿದ್ದು ಇದಕ್ಕಿಂತ ಸೂಕ್ಷ್ಮ: ರಥವೆಂದರೆ ಗಾಲಿಯೋ, ಅಚ್ಚೋ, ನೊಗವೋ? ಯಾವುದೂ ಅಲ್ಲವೆಂದ ಮೇಲೆ ರಥವೆಂಬುದು ಇವೆಲ್ಲ ಕೂಡಿದಾಗ ನಾವಿಡುವ ಹೆಸರು ತಾನೆ? ಪುರಿಯ ಜಗನ್ನಾಥನ ಕ್ಷೇತ್ರದಲ್ಲಿ ಇನ್ನೊಂದು ಉತ್ತರವಿದೆ. ಅಲ್ಲಿ ಆಷಾಢ ಅಧಿಕಮಾಸವಾಗಿ ಬರುವ ವರ್ಷಗಳಲ್ಲಿ ಬೇವಿನ ಮರದಿಂದ ಹೊಸ ಮೂರ್ತಿಗಳನ್ನು ಕಡೆದು, ಹಳೆಯವುಗಳೊಳಗಿನ ಬ್ರಹ್ಮಪದಾರ್ಥವೆಂಬುದನ್ನು ಅವುಗಳಿಗೆ ಸಾಗಿಸುತ್ತಾರೆ. ಈ ನವಕಳೇವರ 1996ರಲ್ಲಿ ನಡೆಯಿತು, ಮತ್ತೆ 2015ರಲ್ಲಿ ನಡೆಯಿತು. ನಮ್ಮ ಮಟ್ಟಿಗೆ ಗಮನಾರ್ಹವಾದುದೆಂದರೆ, ಹಳೆಯ ಮೂರ್ತಿಗಳನ್ನು ಅಲ್ಲಿ ಎಸೆಯುವುದಿಲ್ಲ. ಅವುಗಳಿಗೆಂದೇ ಇರುವ ನೆಲದಲ್ಲಿ ಸಮಾಧಿ ಮಾಡುತ್ತಾರೆ.

ಸ್ಪೀಕರಿನಲ್ಲಿ ಬ್ರಹ್ಮಪದಾರ್ಥವೆಂದು ಒಂದನ್ನು ಬೆರಳಿಟ್ಟು ತೋರಿಸಲು ಬಾರದು. ಆದುದರಿಂದ ಅದು ಅದೇ ಹೌದೋ ಅಲ್ಲವೋ ಎಂಬ ವಾದವನ್ನು ನಾವು ನಾಗಸೇನನಿಗೆ ಬಿಟ್ಟು, ಅದರ ಪಕ್ಕದ ಪ್ರಶ್ನೆಯೊಂದನ್ನು ಹಿಡಿದೆವು. ಅದೇ ಹೌದೆನ್ನಲಿ, ಅಲ್ಲವೆನ್ನಲಿ, ಬಿಚ್ಚಿದವನು ಹೇಗೆ ನಡೆದುಕೊಳ್ಳಬೇಕು?

ಈ ವಿಷಯದಲ್ಲಿ ಎರಡು ಪಂಥಗಳಿವೆ. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲಿ ಪ್ರಕಟಿಸಿದ ವಾಸ್ತುವಿನ ಗ್ರಂಥದಲ್ಲಿ, ಹಳೆಯ ಕಟ್ಟಡಗಳ ಪುನರುದ್ಧಾರವೆಂಬುದು ಸುಳ್ಳಿನ ಕೆಲಸ, ಇರುವುದನ್ನು ಜೋಪಾನ ಮಾಡುವುದಷ್ಟೇ ನಮಗೆ ಸಲ್ಲುವುದು ಎಂದು ವಾದಿಸಿದ. ಅವನ ಸಮಕಾಲೀನನಾದ ಫ್ರಾನ್ಸಿನ ವಿಯೊಲೆ ಲ ದ್ಯುಕ್ ಅದಕ್ಕೆ ವಿರುದ್ಧ. ಉದ್ಧಾರವೆಂದರೆ ಕಟ್ಟಡವನ್ನು ಅದರ ಪೂರ್ಣ ರೂಪಕ್ಕೆ ತರುವುದು, ಆ ರೂಪ ಹಿಂದೆಂದೂ ಇದ್ದಿರದಿದ್ದರೂ ಅಡ್ಡಿಯಿಲ್ಲ ಎಂಬುದು ಅವನ ಮತ. ಪ್ಯಾರಿಸಿನ ನೋತ್ರ್ ದಾಮ್ ಇಗರ್ಜಿಗೆ ಅವನು ತನ್ನದೇ ನಕ್ಷೆಯ ಶಿಖರವನ್ನು ಕಟ್ಟಿಸಿದ. 2019ರ ಬೆಂಕಿಯಲ್ಲಿ ಅದು ಕುಸಿದುಬಿತ್ತು. 2024ರ ಡಿಸೆಂಬರಿನಲ್ಲಿ ಇಗರ್ಜಿ ಮತ್ತೆ ತೆರೆದಾಗ ಅಲ್ಲಿ ನಿಂತಿದ್ದುದು ಅವನ ನಕ್ಷೆಯಂತೆಯೇ ಮತ್ತೆ ಕಟ್ಟಿದ ಶಿಖರ. ಒಂದು ಕಾಲದ ಸೇರ್ಪಡೆ ಇನ್ನೊಂದು ಕಾಲಕ್ಕೆ ಮೂಲವಾಯಿತು!

ನಮ್ಮ ಮೂವರಲ್ಲೂ ಈ ಎರಡು ಪಂಥಗಳಿವೆ. ಒಬ್ಬರು ಹೇಳುತ್ತಾರೆ: ಆ ಕಾಲದ ಎಂಜಿನಿಯರು ಕಾಗದದ ದಪ್ಪ, ನೆರಿಗೆಯ ಆಳ, ಅಂಟಿನ ತೂಕ ಎಲ್ಲವನ್ನೂ ಕಿವಿಗೊಟ್ಟು ಕೇಳಿ ನಿರ್ಧರಿಸಿದ್ದಾನೆ, ಭಾನುವಾರದ ಗುಮಾಸ್ತರಾದ ನಾವು ಅವನನ್ನು ತಿದ್ದಲು ಯಾರು? ಹರಿದಿದ್ದರೆ ಅಂಟಿಸಿ, ಮುಗಿಯಿತು. ಇನ್ನೊಬ್ಬರ ಮಾತು ಬೇರೆ. ಆ ಎಂಜಿನಿಯರಿಗೆ ಮೇಲಧಿಕಾರಿಯಿದ್ದ, ಬೆಲೆಯ ಕಡಿವಾಣವಿತ್ತು. ಅಯಸ್ಕಾಂತವನ್ನು ನಿರ್ಧರಿಸಿದ್ದು ಗಣಿಯ ಬೆಲೆ. ತಾರ ಸ್ವರಗಳನ್ನು ನಿರ್ಧರಿಸಿದ್ದು ಆ ದಿನಗಳ ಪ್ರಸಾರ. ಮೀಡಿಯಂ ವೇವಿನಲ್ಲಿ ಸೆಕೆಂಡಿಗೆ 5,000 ಕಂಪನಗಳ ಆಸುಪಾಸಿಗೆ ದನಿ ಮುಗಿದುಹೋಗುತ್ತಿದ್ದಾಗ ಅದಕ್ಕಿಂತ ಮೇಲಿನದನ್ನು ನುಡಿಸಲು ಯಾರು ಹಣ ಹಾಕುತ್ತಾರೆ? ಅವನು ಮಾಡಿದ್ದನ್ನೆಲ್ಲ ಶಾಸನವೆಂದು ಏಕೆ ತಿಳಿಯಬೇಕು? ಅವನೇ ಇಂದು ಇದ್ದಿದ್ದರೆ ತಾನೇ ಬದಲಾಯಿಸುತ್ತಿದ್ದ.

ಈ ಎರಡನೆಯ ಮಾತಿನಲ್ಲಿ ಸತ್ಯವಿದೆಯೆಂದು ಒಪ್ಪಲೇಬೇಕು. ಬದಲಾಯಿಸುವವರು ಮಾಡುವುದೂ ಬರಿ ಹುಡುಗಾಟವಲ್ಲ. ಕೋನಿನ ನಡುವಿನ ಧೂಳುಮುಚ್ಚಳವನ್ನು ಕತ್ತರಿಸಿ ತೆಗೆದು ಅಲ್ಲಿ ಗುಂಡಿನ ಮೊನೆಯಂಥ ಮರದ ತುಂಡನ್ನು ನಿಲ್ಲಿಸುತ್ತಾರೆ. ಕಾಗದಕ್ಕೆ ರಾಳದ ವಾರ್ನಿಷ್ ಹಚ್ಚುತ್ತಾರೆ. ಒಳಗಿನ ಸಣ್ಣ ಕೋನನ್ನು ಕತ್ತರಿಸುತ್ತಾರೆ, ಇಲ್ಲವೆ ಇಲ್ಲದಲ್ಲಿ ಹೊಸದಾಗಿ ಕೂಡಿಸುತ್ತಾರೆ. ಮಂದ್ರ ಸ್ವರ ಬೇಕೆಂದು ಕೋನಿಗೆ ತೂಕ ಸೇರಿಸುತ್ತಾರೆ. ಪ್ರತಿಯೊಂದರಿಂದಲೂ ಏನೋ ಲಾಭವಿದೆ, ಪ್ರತಿಯೊಂದಕ್ಕೂ ಬೆಲೆಯಿದೆ. ತೂಕದ ಲೆಕ್ಕವನ್ನೇ ನೋಡೋಣ. ಅಲುಗುವ ಭಾಗದ ತೂಕವನ್ನು ಇಮ್ಮಡಿಗೊಳಿಸಿದರೆ ಸ್ವಾಭಾವಿಕ ಕಂಪನದ ಸಂಖ್ಯೆ ಎರಡರ ವರ್ಗಮೂಲದಷ್ಟು ಇಳಿಯುತ್ತದೆ. 80 ಇದ್ದುದು ಸುಮಾರು 57ಕ್ಕೆ ಬರುತ್ತದೆ. ಮಂದ್ರ ಸ್ವರ ಲಭಿಸಿತು. ಆದರೆ ಉಳಿದ ಸ್ವರಗಳ ಮಟ್ಟ ಆರು ಡೆಸಿಬೆಲ್ ಕುಸಿಯಿತು. ಮೊದಲಿನಷ್ಟೇ ಸದ್ದು ಬೇಕಾದರೆ ನಾಲ್ಕು ಪಟ್ಟು ವಿದ್ಯುತ್ ಶಕ್ತಿ ಕೊಡಬೇಕು. ಪ್ರಕೃತಿ ತನ್ನ ಖಾತೆಯಲ್ಲಿ ಒಂದು ಪೈಸೆಯನ್ನೂ ಬಿಡುವುದಿಲ್ಲ.

ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯುವುದು? ಬಹಳ ದಿನ ವಾದಿಸಿದ ಮೇಲೆ ನಮಗೆ ತೋರಿದ್ದಿಷ್ಟು. ದುರಸ್ತಿ ಮತ್ತು ಬದಲಾವಣೆ ಎಂಬ ಭೇದದಿಂದ ಹೆಚ್ಚು ಪ್ರಯೋಜನವಿಲ್ಲ. ಪ್ರತಿ ದುರಸ್ತಿಯಲ್ಲೂ ಬದಲಾವಣೆಯಿದ್ದೇ ಇದೆ. ಕೆಲಸಕ್ಕೆ ಬರುವ ಭೇದ ಬೇರೊಂದು. ಮಾಡಿದ್ದನ್ನು ಮುಂದಿನವನು ಬಿಡಿಸಬಲ್ಲನೆ, ಇಲ್ಲವೆ? ಪಿಟೀಲು ಮಾಡುವವರು ಇದನ್ನು ಶತಮಾನಗಳ ಹಿಂದೆಯೇ ಕಂಡುಕೊಂಡಿದ್ದಾರೆ. ಅವರು ಮೇಲುಹಲಗೆಯನ್ನು ಕೂಡಿಸುವುದು ಚರ್ಮದಿಂದ ಕಾಯಿಸಿದ ಅಂಟಿನಿಂದ, ನಮ್ಮ ಬಡಗಿಗಳ ಮರವಜ್ರದಂಥದು. ಮುಂದೆ ಯಾರಾದರೂ ದುರಸ್ತಿಗೆ ಬಿಚ್ಚಬೇಕಾದರೆ ನೀರು, ಶಾಖಗಳಿಗೆ ಅದು ಬಿಟ್ಟುಕೊಡುತ್ತದೆ. ಹಾಗೆಯೇ ಅರಗಿನ ಅಂಟು ಸ್ಪಿರಿಟ್ಟಿಗೆ ಕರಗುತ್ತದೆ. ಹಳೆಯ ಸ್ಪೀಕರುಗಳ ಎಷ್ಟೋ ಅಂಟುಗಳು ಅಸಿಟೋನಿಗೆ ಮೆತ್ತಗಾಗುತ್ತವೆ. ಎಪಾಕ್ಸಿ ಹಾಗಲ್ಲ, ಒಮ್ಮೆ ಹಿಡಿಯಿತೆಂದರೆ ಕಾಗದ ಹರಿದರೂ ಬಿಡದು. ಅಲ್ನಿಕೊ ಅಯಸ್ಕಾಂತದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದನ್ನು ಸುತ್ತಲಿನ ಕಬ್ಬಿಣದಿಂದ ಬೇರ್ಪಡಿಸಿದ ಕೂಡಲೆ ಅದರ ಬಲದ ಒಂದಂಶ ಹೊರಟುಹೋಗುತ್ತದೆ. ಮತ್ತೆ ಜೋಡಿಸಿದರೆ ಆ ಬಲ ಮರಳಿ ಬರುವುದಿಲ್ಲ. ದೊಡ್ಡ ಯಂತ್ರದಲ್ಲಿಟ್ಟು ಮತ್ತೆ ಕಾಂತತೆ ತುಂಬಿಸಬೇಕು. ಮನೆಯಲ್ಲಿ ಕುತೂಹಲಕ್ಕೆಂದು ಬಿಚ್ಚಿದವನು ಯಾರಿಗೂ ಕಾಣದಂತೆ ಅದರ ಆಯುಷ್ಯದಿಂದ ಒಂದು ಪಾಲು ತೆಗೆದಂತಾಯಿತು.

ಆದುದರಿಂದ ಬಿಡಿಸಬಹುದಾದ ಬದಲಾವಣೆಗೆ ನಮ್ಮ ಇಚ್ಛೆಯೇ ಸಾಕಷ್ಟು ಕಾರಣ. ಪೆಟ್ಟಿಗೆ ಬೇರೆ ಮಾಡಿಸಿ, ಹೊರಗಿನ ತಂತಿ ಬದಲಾಯಿಸಿ, ಬೇಡವಾದ ಸ್ವರವನ್ನು ತಗ್ಗಿಸಲು ಹೊರಗೆ ಒಂದು ಸುರುಳಿ, ಒಂದು ರೆಸಿಸ್ಟರ್ ಕೂಡಿಸಿ; ನಾಳೆ ಬೇಡವೆನಿಸಿದರೆ ತೆಗೆದಿಡಿ. ಬಿಡಿಸಲಾಗದುದಕ್ಕೆ ಇಚ್ಛೆ ಸಾಲದು, ಅಗತ್ಯ ಬೇಕು. ಕತ್ತರಿ ಹಿಡಿಯುವ ಮುನ್ನ ಹೊರಗಿನಿಂದಲೇ ಇದನ್ನು ಸಾಧಿಸಬಹುದೆ ಎಂದು ಒಮ್ಮೆ ಕೇಳಿಕೊಂಡರೆ ಹತ್ತಕ್ಕೆ ಏಳೆಂಟು ಸಲ ಕತ್ತರಿ ಮತ್ತೆ ಪೆಟ್ಟಿಗೆ ಸೇರುತ್ತದೆ ಎಂಬುದು ನಮ್ಮ ಅನುಭವ.

ಅಗತ್ಯವೆಂಬುದು ಯಾವುದು ಎಂದು ಕೇಳಬಹುದು. ಸಮೀಪದಲ್ಲಿರುವ ಕಾಕು ಒಬ್ಬರು ತಮ್ಮ ಯಜಮಾನರ ಕಾಲದ ವಾಲ್ವ್ ರೇಡಿಯೊ ಕಳುಹಿಸಿದ್ದರು. ಯಜಮಾನರು ಧಾರವಾಡದ ಕಡೆಯವರು, ತೀರಿಕೊಂಡು ಕೆಲವು ವರ್ಷಗಳಾಗಿದ್ದುವು. ಎಂಟಂಗುಲದ ಫುಲ್‌ರೇಂಜ್, ಕೋನಿನ ಕಾಲುಭಾಗ ಜಿರಳೆಯ ಪಾಲಾಗಿತ್ತು. ಅಷ್ಟು ಅಗಲಕ್ಕೆ ತೇಪೆ ಹಾಕಬಹುದಿತ್ತು. ಹಾಕಿದರೆ ಹಳೆಯ ಕಾಗದ ಉಳಿಯುತ್ತಿತ್ತು. ಆದರೆ ದನಿ ಮಂಕು. ಹೊಸ ಕೋನು ಹಾಕಿದರೆ ಮಾತು ಸ್ಫುಟ. ನಮ್ಮಲ್ಲಿ ಎರಡು ವಾರ ವಾದ ನಡೆಯಿತು. ತೀರಿಕೊಂಡವರು ಮೂವತ್ತು ವರ್ಷ ಕೇಳಿದ ದನಿ ಆ ಕಾಗದದ್ದು. ಅದನ್ನು ತೆಗೆದುಹಾಕುವುದು ಸರಿಯೆ? ಕೊನೆಗೆ ಅವರನ್ನೇ ಕೇಳುವುದೆಂದಾಯಿತು. ಹಳೆಯ ನೆನಪಿನ ಮಾತೇನಾದರೂ ಬರುತ್ತದೆಂದು ನಾವು ನಿರೀಕ್ಷಿಸಿದ್ದೆವು.

ಕಾಕು ಹೇಳಿದ್ದು ಇಷ್ಟೆ: "ನನಗ ಎಂಬತ್ತು ಹತ್ತಿರ ಬಂದಾವ್ರಪಾ. ಮಾತು ತಿಳೀಬೇಕು, ಅಷ್ಟ. ಹರಕು ಕಾಗದ ಇಟಗೊಂಡು ನಾ ಏನ ಮಾಡಲಿ?"

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರ ಸ್ವರಗಳನ್ನು. ಸ, ಶ, ತ ಮೊದಲಾದ ವ್ಯಂಜನಗಳ ಗುರುತು ಅಡಗಿರುವುದು ಹೆಚ್ಚಾಗಿ ಅಲ್ಲಿಯೇ. ಅದಕ್ಕಾಗಿಯೇ ಮುದುಕರು ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ ಎನ್ನುತ್ತಾರೆ. ಕಾಕುವಿಗೆ ಬೇಕಾಗಿದ್ದುದು ಆ ವ್ಯಂಜನಗಳು. ಅದಕ್ಕಿಂತ ದೊಡ್ಡ ಅಗತ್ಯ ಇನ್ನೇನಿದ್ದೀತು? ಒಳಗೆ ಸಣ್ಣ ಕೋನಿರುವ ಹೊಸ ಕೋನನ್ನು ಹಾಕಿದೆವು. ಹಿಂಬದಿಯಲ್ಲಿ ಗ್ರಾಮೊಫೋನಿಗೆಂದು ಇದ್ದ ತೂತುಗಳಿಗೆ ಮೊಬೈಲಿನ ತಂತಿ ಸೇರಿಸುವಂತೆ ಮಾಡಿದೆವು. ಆ ಕಾಲದ ಕೆಲವು ರೇಡಿಯೊಗಳಲ್ಲಿ ಒಳಗಿನ ಲೋಹದ ತಳವೇ ಮನೆಯ ವಿದ್ಯುತ್ತಿಗೆ ನೇರ ತಗಲಿರುತ್ತದೆ; ಮುಟ್ಟಿದರೆ ಪ್ರಾಣಾಪಾಯ. ಅಂಥದರಲ್ಲಿ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಡದೆ ಏನನ್ನೂ ಜೋಡಿಸಬಾರದು. ಇಂಥ ಬದಲಾವಣೆಯನ್ನು ಮೂಲಕ್ಕೆ ದ್ರೋಹವೆಂದು ಯಾವ ರಸ್ಕಿನ್ನನೂ ಹೇಳಲಾರ.

ಹರಿದ ಕೋನನ್ನು ಮಾತ್ರ ನಾವು ಎಸೆಯಲಿಲ್ಲ. ದೊಡ್ಡದೊಂದು ಲಕೋಟೆಯಲ್ಲಿಟ್ಟು, ಏನನ್ನು ತೆಗೆದೆವು, ಏನನ್ನು ಹಾಕಿದೆವು, ಯಾವ ತಾರೀಖು, ಯಾವ ಅಂಟು ಎಂದು ಚೀಟಿ ಬರೆದು ಕ್ಯಾಬಿನೆಟ್ಟಿನೊಳಗೆ ಬಿಸಿ ತಾಗದ ಮೂಲೆಯಲ್ಲಿ ಸಿಕ್ಕಿಸಿದೆವು. ಇದು ನಾವು ಕಚೇರಿಯಿಂದ ಕಲಿತ ವಿದ್ಯೆ. ಕಡತದ ಟಿಪ್ಪಣಿಯಲ್ಲಿ ತಪ್ಪು ಬಿದ್ದರೆ ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ, ಅಕ್ಷರದ ಮೇಲೆ ಅಕ್ಷರ ತಿದ್ದುವಂತಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದುದನ್ನು ಬರೆದು, ಪಕ್ಕದಲ್ಲಿ ಸಣ್ಣ ಸಹಿ ಮತ್ತು ತಾರೀಖು ಹಾಕಬೇಕು. ಹೊಸದಾಗಿ ಸೇರಿದವರಿಗೆ ಇದು ಕಿರಿಕಿರಿ ಎನಿಸುತ್ತದೆ. ಇಪ್ಪತ್ತು ವರ್ಷ ಹಳೆಯ ಕಡತ ಬಿಚ್ಚಿ, ಸತ್ತವರ ಪಿಂಚಣಿಯ ಲೆಕ್ಕವನ್ನು ಅವರ ವಿಧವೆಗೆ ಬಿಡಿಸಿಕೊಡಬೇಕಾದ ದಿನ ಆ ಒಂದು ಗೆರೆಯ ಬೆಲೆ ತಿಳಿಯುತ್ತದೆ. ತಿದ್ದುವುದಕ್ಕೆ ಅಲ್ಲಿ ಅಡ್ಡಿಯಿಲ್ಲ. ತಿದ್ದಿದ್ದು ಕಾಣಬೇಕು, ತಿದ್ದಿದವನು ಯಾರೆಂದು ಗೊತ್ತಾಗಬೇಕು. 1964ರಲ್ಲಿ ವೆನಿಸ್ಸಿನಲ್ಲಿ ಸೇರಿದ ತಜ್ಞರು ಪ್ರಾಚೀನ ಸ್ಮಾರಕಗಳಿಗಾಗಿ ಮಾಡಿದ ಸನ್ನದಿನಲ್ಲೂ ಇದೇ ಇದೆ: ಹೊಸದಾಗಿ ಸೇರಿಸಿದ ಭಾಗ ಒಟ್ಟಿಗೆ ಹೊಂದಬೇಕು, ಆದರೆ ಹಳೆಯದರಿಂದ ಬೇರೆಯೆಂದು ಗುರುತಿಸಲು ಬರಬೇಕು. ದೊಡ್ಡವರ ಸನ್ನದೂ ಗುಮಾಸ್ತನ ನಿಯಮವೂ ಒಂದೇ ಕಡೆ ಬಂದು ಸೇರಿದುದು ನಮಗೆ ಸ್ವಲ್ಪ ಹೆಮ್ಮೆಯ ವಿಷಯವೇ.

ಈ ನಿಯಮವನ್ನು ಮೀರಿದಾಗ ಆಗುವ ಅನ್ಯಾಯವನ್ನು ಸಂತೆಯಲ್ಲಿ ನೋಡಬಹುದು. ಹಳೆಯ ಅಲ್ನಿಕೊ ಸ್ಪೀಕರುಗಳಿಗೆ ಈಗ ದೇಶವಿದೇಶಗಳಲ್ಲಿ ಗಿರಾಕಿಗಳಿದ್ದಾರೆ. ಹೊಸ ಕೋನು ಹಾಕಿ, ಅದಕ್ಕೆ ಚಹಾದ ಡಿಕಾಕ್ಷನ್ ಹಚ್ಚಿ ಹಳತೆಂದು ತೋರುವಂತೆ ಮಾಡಿ, ಮೂಲ ಸ್ಥಿತಿಯಲ್ಲಿದೆ ಎಂದು ಮಾರುವವರಿದ್ದಾರೆ. ಕೆಲಸ ಅಚ್ಚುಕಟ್ಟಾಗಿಯೇ ಇರಬಹುದು, ದನಿಯೂ ಚೆನ್ನಾಗಿರಬಹುದು. ಕೊಂಡವನಿಗೆ ನಷ್ಟವೇನು ಎಂದು ವಾದಿಸುವವರನ್ನು ನಾವು ಕೇಳಿದ್ದೇವೆ. ನಷ್ಟ ಇಷ್ಟೆ: ಅವನು ಹಳೆಯ ದನಿಯೆಂದು ನಂಬಿ ಕೇಳುತ್ತಿರುವುದು ಹಳೆಯ ದನಿಯಲ್ಲ. ಅದನ್ನು ಮಾದರಿಯಾಗಿಟ್ಟುಕೊಂಡು ಇನ್ನೊಬ್ಬ ತನ್ನದನ್ನು ತಿದ್ದುತ್ತಾನೆ. ಹೀಗೆ ನಾಲ್ಕು ಕೈ ದಾಟುವ ಹೊತ್ತಿಗೆ ಮೂಲ ಹೇಗಿತ್ತೆಂದು ಹೇಳಬಲ್ಲವರು ಯಾರೂ ಉಳಿಯುವುದಿಲ್ಲ. ಒಂದು ಚೀಟಿ ಬರೆಯದೆ ಹೋದುದರಿಂದ ಅಷ್ಟು ಜನರ ಕಿವಿ ತಪ್ಪುತ್ತದೆ.

ಜಡ ವಸ್ತುವಿಗೆ ಇಷ್ಟು ಉಪಚಾರವೇಕೆ, ಸ್ಪೀಕರಿಗೇನು ನೋವಾಗುತ್ತದೆಯೆ ಎಂದು ಕೆಲವರು ನಗಬಹುದು. ನೋವಾಗುವುದಿಲ್ಲ ನಿಜ. ಋಣವಿರುವುದು ಮನುಷ್ಯರಿಗೆ. ಹೆಸರು ತಿಳಿಯದ ಯಾವುದೋ ಕಾರ್ಖಾನೆಯಲ್ಲಿ ಕುಳಿತು ಆ ಸುರುಳಿಯನ್ನು ಸುತ್ತಿದ ಕೈಗೆ, ಇಂದು ಕೇಳಬೇಕಾದವರಿಗೆ, ನಾಳೆ ಬಿಚ್ಚುವವರಿಗೆ. ಈ ಮೂವರಲ್ಲಿ ಜಗಳ ಬಂದಾಗ ಇಂದು ಕೇಳಬೇಕಾದವರ ಮಾತು ಮೊದಲು ನಡೆಯಬೇಕೆಂದು ಕಾಕು ನಮಗೆ ಕಲಿಸಿದರು. ಉಳಿದಿಬ್ಬರನ್ನು ಮರೆಯಬಾರದೆಂದು ಲಕೋಟೆ ಕಲಿಸಿತು. ಮುಟ್ಟುವುದೇ ಬೇಡವೆಂದು ಸ್ಪೀಕರನ್ನು ಹತ್ತಿಯಲ್ಲಿ ಸುತ್ತಿ ಕಪಾಟಿನಲ್ಲಿಡುವವರೂ ಇದ್ದಾರೆ. ವಸ್ತುಸಂಗ್ರಹಾಲಯದಲ್ಲಿ ಅದು ಸರಿ. ಮನೆಯಲ್ಲಿ, ನುಡಿಯಲೆಂದು ಮಾಡಿದ್ದನ್ನು ನುಡಿಸದೆ ಇಡುವುದು ಮಾಡಿದವನಿಗೂ ತೋರುವ ಗೌರವವಲ್ಲ.

ದನಿ ಬದಲಾಯಿತೆಂದರೆ ಎಲ್ಲ ಹೋಯಿತೆಂದು ತಿಳಿಯುವವರಿಗೆ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರನ್ನು ನೆನಪಿಸುತ್ತೇವೆ. 1930ರ ದಶಕದ ತಟ್ಟೆಗಳಲ್ಲಿ ಅವರದು ತೆಳುವಾದ, ಹೆಣ್ಣುಮಗಳ ಎಳೆಯ ದನಿ. ಗಂಟಲಿನ ಚಿಕಿತ್ಸೆಯಾದ ಮೇಲೆ ಬಂದುದು ನಾವೆಲ್ಲ ಬಲ್ಲ ಆ ಗಂಡುದನಿಯಂಥ ಗಂಭೀರ ಕಂಠ. 2009ರಲ್ಲಿ ಅವರು ತೀರಿಕೊಂಡಾಗ ನಾಡು ನೆನೆದದ್ದು ಎರಡನೆಯದನ್ನೇ. ಅದು ಅವರ ಮೂಲ ದನಿಯಲ್ಲವೆಂದು ಯಾರಾದರೂ ಹೇಳಿದರೆ? ಆದರೆ ಆ ಹಳೆಯ ತಟ್ಟೆಗಳು ಉಳಿದುಬಂದುದರಿಂದಲೇ ನಾವು ಇಂದು ಎರಡನ್ನೂ ಕೇಳಬಲ್ಲೆವು, ಬದಲಾವಣೆ ಎಷ್ಟೆಂದು ತಿಳಿಯಬಲ್ಲೆವು. ಬದಲಾಗುವುದರಿಂದ ಆಗುವ ನಷ್ಟಕ್ಕಿಂತ ಮೊದಲು ಹೇಗಿತ್ತೆಂಬುದರ ಗುರುತು ಅಳಿಸುವುದರಿಂದ ಆಗುವ ನಷ್ಟ ದೊಡ್ಡದು.

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಊರಿನಲ್ಲಾದರೆ, ಈ ರೇಡಿಯೊ ಯಾರು ತಂದದ್ದು, ಯಾವ ವರ್ಷ, ಯಾರ ಮದುವೆಗೆ ಎಂದು ಹೇಳಲು ಪಕ್ಕದ ಮನೆಯಲ್ಲೊಬ್ಬ ಅಜ್ಜ ಇರುತ್ತಾನೆ. ಇಲ್ಲಿ ಒಬ್ಬರು ಹೋದರೆ ಅವರೊಡನೆ ವಸ್ತುವಿನ ಕತೆಯೂ ಹೋಯಿತು. ಉಳಿಯುವುದು ಒಂದು ಮರದ ಪೆಟ್ಟಿಗೆ. ಭಂಗಾರದವನು ತೂಕಕ್ಕೆ ಹಾಕುವುದೂ ಅದನ್ನೇ. ಎಲ್ಲವನ್ನೂ ಇಟ್ಟುಕೊಳ್ಳಿ ಎಂದು ನಾವು ಹೇಳುವುದಿಲ್ಲ. ಎರಡು ಕೋಣೆಯ ಮನೆಯಲ್ಲಿ ಅದು ಸಾಧ್ಯವೂ ಇಲ್ಲ. ಕೊಡುವುದಿದ್ದರೆ ಕೊಡಿ, ಬದಲಾಯಿಸುವುದಿದ್ದರೆ ಬದಲಾಯಿಸಿ. ಅದಕ್ಕೆ ಮುನ್ನ ಒಂದು ಚೀಟಿಯಲ್ಲಿ ನಿಮಗೆ ತಿಳಿದಷ್ಟನ್ನು, ನಿಮ್ಮ ಕೈಯಿಂದ ಆದ ಬದಲಾವಣೆಯನ್ನು, ತಾರೀಖು ಹಾಕಿ ಬರೆದು ಅದರೊಳಗೆ ಅಂಟಿಸಿ. ಬಿಡಿಸಲು ಬರುವ ಅಂಟಾದರೆ ಒಳ್ಳೆಯದು.